ಗೊರವಕ್ಕನಿಗೆ ಸುಮ್ನೀರು

ಮೊದಲು ಒಂದು ಒಗಟು. ತಣ್ಣೀರಲ್ಲ, ಬಿಸ್ನೀರಲ್ಲ, ಎಳನೀರಲ್ಲ, ಪನ್ನೀರಲ್ಲ, ಕಣ್ಣೀರಂತೂ ಅಲ್ಲವೇ ಅಲ್ಲ. ಹುಡುಕಿಕೊಂಡು ಹೋದೋರಿಗೆ ಸಿಗಲ್ಲ, ಅವರು ಆ ಕಡೆ ಹೋಗ್ತಿದ್ದ ಹಾಗೇ ಮನೇಲಿ ಉಳಿದೋರಿಗೆ ಸಿಗುತ್ತೆ. ಕೊಡದಲ್ಲಿ ಎಷ್ಟು ತುಂಬಿದರೂ ಕೊಡ ಖಾಲಿ. ಏನದು, ಹೇಳಿ ನೋಡೋಣ?

ಗೊತ್ತಾಗಲ್ಲ ಬಿಡಿ. ಇರೋ ನಾಲ್ಕು ಕೂದಲನ್ನೂ ಕೆರೆದು ಉದುರಿಸಿಕೊಳ್ಳಬೇಡಿ. ನಮ್ಮ ಮೇಷ್ಟ್ರನ್ನು ಕ್ಲಾಸಲ್ಲೇ ಎದ್ದು ನಿಂತು ಕೇಳಿದೆ. ಅವರು ಥಟ್ಟಂತ ಸರಿಯಾದ ಉತ್ತರವನ್ನೇ ಹೇಳಿದರು, ಆದರೆ ತಾವು ಹೇಳಿದ್ದೇ ಉತ್ತರ ಅಂತ ಪಾಪ ಅವರಿಗೂ ಗೊತ್ತಾಗಲಿಲ್ಲ. ಈಗ ಕತೆ ಕೇಳಿ. ಮಧ್ಯೆ ಮಧ್ಯೆ ಹೂಂಗುಡಬೇಕು, ಹೂಂ ನಿಂತರೆ ಕತೇನೂ ನಿಲ್ಲುತ್ತೆ, ಅದು ಅಜ್ಜಿ ಮಾಡಿರೋ ಕಾನೂನು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿ ಬಾಯಲ್ಲಿ ಹಲ್ಲಿದ್ದ ಕಾಲಕ್ಕಿಂತಲೂ ಹಿಂದೆ, ಎರಡು ಬೋಳು ಗುಡ್ಡಗಳ ನಡುವೆ ಒಂದು ಉದ್ದದ ದಾರಿ ಇತ್ತಂತೆ. ಆ ಕಡೆ ನೋಡಿದರೂ ಊರಿಲ್ಲ, ಈ ಕಡೆ ನೋಡಿದರೂ ಊರಿಲ್ಲ, ನಡುಮಧ್ಯ ಒಂದೇ ಒಂದು ಹೊಂಗೆ ಮರ, ಅದರ ಕೆಳಗೆ ಒಂದು ಅರವಟ್ಟಿಗೆ, ಅಂದರೆ ದಾರಿಹೋಕರಿಗೆ ಪುಕ್ಕಟೆ ನೀರು ಕೊಡೋ ಚಪ್ಪರ. ಅಲ್ಲಿ ನೀರು ಕೊಡೋಳು ಬೋರವ್ವ ಅಂತ. ಅವಳ ಅತ್ತೆ ಸಾಯೋವಾಗ, ನೋಡೇ ಬೋರಿ, ಬಂದೋರು ಕೇಳಿದ ಮೇಲೆ ನೀರು ಕೊಟ್ಟರೆ ಅರ್ಧ ಪುಣ್ಯ, ನೀನೇ ಕರೆದು ಕೊಟ್ಟರೆ ಪೂರ್ತಿ ಪುಣ್ಯ ಅಂತ ಹೇಳಿ ಕಣ್ಣು ಮುಚ್ಚಿಬಿಟ್ಟಿದ್ದಳಂತೆ. ಹೇಳಿದೋಳು ಆರಾಮಾಗಿ ಹೋದಳು, ಇವಳು ಅವತ್ತಿಂದ ಕರೆದಳು, ಕರೆದಳು, ಬಾರಣ್ಣಾ ನೀರು ಕುಡಿ, ಬಾರಕ್ಕಾ ನೀರು ಕುಡಿ ಅಂತ ಬಿಸಿಲಲ್ಲಿ ಕರೆದೂ ಕರೆದೂ ಗಂಟಲು ಹರಿದ ತಮಟೆ ಥರ ಆಗಿಹೋಯಿತಂತೆ.

ಅವಳಿಗೆ ಮೂರು ಜನ ಗಂಡುಮಕ್ಕಳು. ದೊಡ್ಡೋನು ಓಬ, ನಡುವಿನೋನು ಪಾಲ, ಕಿರಿಯೋನು ಸೂರ. ಒಳ್ಳೇ ಹುಡುಗರೇ, ಆದರೆ ಮೂರು ಜನರ ಬಾಯೂ ಒಟ್ಟಿಗೆ ತೆರೆದುಕೊಳ್ಳೋದು, ಮೂರು ಜನರ ಕಿವೀನೂ ಒಟ್ಟಿಗೆ ಮುಚ್ಚಿಕೊಳ್ಳೋದು. ಗುಡ್ಡದಾಚೆ ಬಾವಿಯಿಂದ ನೀರು ಹೊತ್ತು ತರೋದು ಅವರ ಕೆಲಸ, ಇವತ್ತು ಯಾರ ಸರದಿ ಅಂತ ಜಗಳ ಆಡೋದು ಅದಕ್ಕಿಂತ ದೊಡ್ಡ ಕೆಲಸ. ಹಾಗಾಗಿ ಬೋರವ್ವನ ಬಾಯಲ್ಲಿ ಇದ್ದಿದ್ದು ಎರಡೇ ಮಾತಂತೆ. ದಾರಿ ಕಡೆ ತಿರುಗಿದರೆ ಬಾರಣ್ಣಾ ನೀರು ಕುಡಿ, ಮನೆ ಕಡೆ ತಿರುಗಿದರೆ ಸುಮ್ನಿರ್ರೋ. ಮೊದಲನೇದನ್ನ ದಾರಿಹೋಕರು ಕೇಳ್ತಿದ್ದರು. ಎರಡನೇದನ್ನ ಯಾರೂ ಕೇಳ್ತಿರಲಿಲ್ಲ.

ಅವಳ ಹತ್ತಿರ ಒಂದು ಗೊರವಂಕ ಹಕ್ಕಿ ಇತ್ತು. ಗೂಡಿಂದ ಬಿದ್ದ ಮರೀನ ಎತ್ತಿ ಸಾಕಿದ್ದಳು. ಗೊರವಂಕ ಅನ್ನೋಕೆ ಸೂರನಿಗೆ ಚಿಕ್ಕಂದಿನಲ್ಲಿ ನಾಲಿಗೆ ಹೊರಳದೆ ಗೊರವಕ್ಕ ಅಂದ, ಆಮೇಲೆ ಎಲ್ಲರೂ ಹಾಗೇ ಅಂದರು, ಹಕ್ಕಿ ಮೂರು ಜನಕ್ಕೂ ಅಕ್ಕ ಆಯಿತು. ಹಳದಿ ಕೊಕ್ಕು, ಕಣ್ಣಿನ ಸುತ್ತ ಹಳದಿ ಕಾಡಿಗೆ, ಚಪ್ಪರದ ಗಳದ ಮೇಲೆ ಕೂತುಕೊಂಡು ಬೋರವ್ವನ ಗಂಟಲು ಕೈಕೊಟ್ಟಾಗಿಂದ ಅವಳದೇ ಹಳೇ ದನೀಲಿ ಬಾರಣ್ಣಾ ನೀರು ಕುಡಿ ಅಂತ ಕರೀತಿತ್ತಂತೆ. ಹಕ್ಕಿ ಕರೆಯೋದು, ಬೋರವ್ವ ಬಗ್ಗಿ ನೀರು ಹುಯ್ಯೋದು. ಅವಳಿಗೆ ಅದು ಬರೀ ಸಾಕಿದ ಹಕ್ಕಿ ಆಗಿರಲಿಲ್ಲ ನೋಡಿ, ಕಳಕೊಂಡ ಗಂಟಲೇ ಗಳದ ಮೇಲೆ ಕೂತಿತ್ತು.

ಒಂದು ದಿನ ಬೆಳಗ್ಗೆ ಮಾಮೂಲಿನಂತೆ ಜಗಳ. ನಿನ್ನೆ ನಾನು ತಂದೆ. ನಿನ್ನೆ ನೀನು ತಂದಿದ್ದು ಅರ್ಧ ಕೊಡ ಕಣೋ, ಇನ್ನರ್ಧ ದಾರೀಗೆ ಕುಡಿಸಿದೆ. ನೀನು ಮೊನ್ನೆ ತಂದ ನೀರಲ್ಲಿ ಕಪ್ಪೆ ಇತ್ತು. ಕಪ್ಪೆ ಇತ್ತು ಅಂದರೆ ಒಳ್ಳೇ ನೀರು ಅಂತ ಕಣೋ ಮಂಕೇ. ಬೋರವ್ವ ಒಳಗಿಂದ, ಸುಮ್ನಿರ್ರೋ ಅಂದಳು, ಗಾಳಿ ಬಂತು ಹೋಯಿತು. ಓಬನಿಗೆ ಸಿಟ್ಟು ಬಂದು ತಲೆ ಮೇಲಿನ ಸಿಂಬೆ ತೆಗೆದು, ಅದೇ ಕೊಡದ ಕೆಳಗೆ ಇಟ್ಕೋತಾರಲ್ಲ ಹುಲ್ಲು ಸುತ್ತಿದ ಬಳೆ, ಅದನ್ನ ಪಾಲನ ಕಡೆ ಬೀಸಿ ಒಗೆದನಂತೆ. ಪಾಲ ಬಗ್ಗಿದ. ಗೊರವಕ್ಕನಿಗೆ ಬಗ್ಗೋದು ಗೊತ್ತಿರಲಿಲ್ಲ.

ಬಾರಣ್ಣಾ ನೀ, ಅಂದಿದ್ದೇ, ದೊಪ್ ಅಂತ ಕೆಳಗೆ ಬಿತ್ತು.

ಒಂದು ರೆಕ್ಕೆ ಜೋತುಬಿದ್ದಿತ್ತು. ಕಾಲುಗುರು ಮುರಿದು ರಕ್ತ ಸೋರ್ತಿತ್ತು. ಬಾಯಿ ತೆಗೆದು ಮುಚ್ಚಿ ಮಾಡ್ತಿತ್ತು, ದನಿ ಬರ್ತಿರಲಿಲ್ಲ. ಬೋರವ್ವ ಓಡಿಬಂದು ಎರಡೂ ಅಂಗೈಲಿ ಎತ್ತಿಕೊಂಡಳು, ಅಂಗೈಲಿ ಪುಟ್ಟ ಗುಂಡಿಗೆ ಬಡ್ಕೊಳ್ಳೋದು ಅವಳ ಮೊಣಕೈವರೆಗೂ ಗೊತ್ತಾಗ್ತಿತ್ತಂತೆ. ಅಳೋಣ ಅಂದರೆ ಅಷ್ಟೊತ್ತಿಗೆ ದಾರೀಲಿ ಯಾರೋ, ಯವ್ವಾ ನೀರು ಅಂದರು. ಹಕ್ಕೀನ ಮಡಿಲಲ್ಲಿ ಹಾಕ್ಕೊಂಡೇ ಎದ್ದು ನೀರು ಹುಯ್ದಳು. ಏನು ಮಾಡ್ತೀರಾ, ಬಾಯಾರಿದೋರಿಗೆ ಇವಳ ಮಡಿಲು ಕಾಣುತ್ತಾ?

ಅವಳು ನೀರು ಹುಯ್ದು ಬರೋದರೊಳಗೆ ಮಕ್ಕಳಿಗೆ ಮೂರೂ ಕಡೆಯಿಂದ ಪಶ್ಚಾತ್ತಾಪ ಹುಟ್ಟಿ ಮೂರು ಜನಾನೂ ವೈದ್ಯರಾಗಿಬಿಟ್ಟಿದ್ದರು. ಓಬ ಹೇಳಿದ, ಉಳುಕಿಗೆ ಎಣ್ಣೆ ನೀವಬೇಕು ಕಣವ್ವ, ನನ್ನ ಕಾಲು ಉಳುಕಿದಾಗ ನೀನೇ ನೀವಿದ್ದಲ್ವಾ. ಹೇಳಿ ಅವಳ ಮಡಿಲಿಂದ ಗೊರವಕ್ಕನ್ನ ಎತ್ತಿಕೊಂಡು ಮೈಗೆಲ್ಲ ಹರಳೆಣ್ಣೆ ಬಳಿದ. ಹಕ್ಕಿ ಎಣ್ಣೇಲಿ ಅದ್ದಿದ ಬತ್ತಿ ಥರ ಆಗಿ ಗಡಗಡ ನಡುಗೋಕೆ ಶುರು ಮಾಡಿತು. ಆಮೇಲೆ ಪಾಲ, ಚಳಿಗೆ ಕಷಾಯ ಅಲ್ವೇನೋ ದಡ್ಡ ಅಂತ ಮೆಣಸಿನ ಕಷಾಯ ಮಾಡಿ ಕೊಕ್ಕು ಬಿಡಿಸಿ ಸುರಿದ. ಹಕ್ಕಿಗೆ ನೆತ್ತಿಗೇರಿ ಮೂಗಿನ ತೂತಿಂದೆಲ್ಲ ಕಷಾಯ ಬಂತು. ಆಮೇಲೆ ಸೂರ, ನೀವಿಬ್ಬರೂ ಸೇರಿ ಅಕ್ಕನ್ನ ಕೊಲ್ತೀರಾ, ಮುರಿದಿದ್ದನ್ನ ಕಟ್ಟಬೇಕು ಅಂತ ತನ್ನ ವಸ್ತ್ರ ಹರಿದು ಎದೆ ರೆಕ್ಕೆ ಎಲ್ಲ ಸೇರಿಸಿ ಬಿಗಿಯಾಗಿ, ಸಂತೇಗೆ ಹೊರಟ ಬುತ್ತಿ ಥರ ಗಂಟು ಹಾಕಿದ. ಅಷ್ಟೇ, ಗೊರವಕ್ಕ ಕಣ್ಣು ಮೇಲೆ ಮಾಡಿತು.

ಬೋರವ್ವನಿಗೆ ಬಯ್ಯೋಕೂ ಶಕ್ತಿ ಇರಲಿಲ್ಲ. ಅಲ್ಲೇ ಕುಕ್ಕರುಬಡಿದಳು.

ಅದೇ ಹೊತ್ತಿಗೆ ದಾರೀಲಿ ಒಬ್ಬಳು ಕೌದಿ ಹೊಲಿಯೋ ಮುದುಕಿ ಬಂದಳಂತೆ. ಹಳೇ ಸೀರೆ ತುಂಡು ಸೇರಿಸಿ ಹೊದಿಕೆ ಹೊಲಿಯೋಳು, ಬೆನ್ನ ಮೇಲೆ ಕೌದಿ ಗಂಟು, ಬಾಯಲ್ಲಿ ಒಂದೂ ಹಲ್ಲಿಲ್ಲ, ನಡೆದೂ ನಡೆದೂ ಅವಳಿಗೂ ಸಾಕಾಗಿಹೋಗಿತ್ತು. ಅವಳ ಗುಡಿಸಲ ಸೂರಲ್ಲಿ ತಲೆತಲಾಂತರದಿಂದ ಗೊರವಂಕಗಳು ಬಾಡಿಗೆ ಕೊಡದೆ ಸಂಸಾರ ಮಾಡ್ಕೊಂಡಿದ್ದವಂತೆ, ಹಾಗಾಗಿ ಹಕ್ಕಿ ಬೀಳೋದು, ಏಳೋದು, ಸಾಯೋದು ಎಲ್ಲ ನೋಡಿದೋಳು. ನೀರು ಕೇಳೋದನ್ನೂ ಬಿಟ್ಟು ಮೊದಲು ಎದೆಗಂಟು ಬಿಚ್ಚಿದಳು.

ಯಾರಪ್ಪ ಕಟ್ಟಿದ ಭೂಪ? ಹಕ್ಕಿ ಉಸಿರಾಡೋದು ಎದೆ ಎತ್ತಿ ಇಳಿಸಿ ಕಣೋ, ಎದೆ ಬಿಗಿದರೆ ಮೂಗಿಗೆ ಬೆಣೆ ಹೊಡೆದ ಹಾಗೆ.

ಸೂರ ತಲೆ ತಗ್ಗಿಸಿದ.

ಎಣ್ಣೆ ಯಾರದು? ರೆಕ್ಕೇಗೆ ಎಣ್ಣೆ ಅಂಟಿದರೆ ಅದರ ಮೈ ಬಿಸಿ ಎಲ್ಲಪ್ಪ ನಿಲ್ಲುತ್ತೆ? ಬಾಯಿಗೆ ಹುಯ್ದೋನು ಯಾರು? ಹೊಡೆತ ಬಿದ್ದ ಹಕ್ಕೀಗೆ ಬಲವಂತ ಮಾಡಿ ಕುಡಿಸಿದರೆ ಅದು ಹೊಟ್ಟೇಗೆ ಹೋಗಲ್ಲ, ಉಸಿರಿಗೆ ಹೋಗುತ್ತೆ.

ಆಮೇಲೆ ಮುದುಕಿ ಬೋರವ್ವನ ಕೈಲಿ ರಾಗಿ ಹಿಟ್ಟು ತರಿಸಿ, ರಕ್ತ ಬರೋ ಉಗುರಿಗೆ ಒಂದು ಚಿಟಿಕೆ ಒತ್ತಿ ಹಿಡಿದಳು, ರಕ್ತ ನಿಂತಿತು. ಮಿಕ್ಕ ಹಿಟ್ಟನ್ನ ಮೈಮೇಲೆ ಉದುರಿಸಿ ಮೆತ್ತಗಿನ ಬಟ್ಟೇಲಿ, ಉಜ್ಜದೆ, ಒತ್ತಿ ಒತ್ತಿ ಎಣ್ಣೆ ಹೀರಿಸಿದಳು. ಒಂದು ಬುಟ್ಟೀಲಿ ಹಳೇ ಸೀರೆ ಹಾಸಿ, ಮರಳು ಕಾಯಿಸಿ ಗಂಟು ಕಟ್ಟಿ ಬುಟ್ಟಿಯ ಒಂದೇ ಪಕ್ಕಕ್ಕೆ ಇಟ್ಟಳು. ಎರಡೂ ಪಕ್ಕ ಇಡಬೇಡ ತಾಯಿ, ಸೆಕೆ ಆದರೆ ಅದು ಸರಿಯೋಕೆ ಜಾಗ ಇರಬೇಕು ಅಂದಳು. ಗೊರವಕ್ಕನ್ನ ಒಳಗಿಟ್ಟು, ತನ್ನ ಗಂಟಿಂದ ಒಂದು ತುಂಡು ಕೌದಿ ತೆಗೆದು, ಗಾಳಿ ಆಡೋ ಹಾಗೆ ಬುಟ್ಟಿ ಮೇಲೆ ಮುಚ್ಚಿದಳು. ಒಳಗೆ ಕತ್ತಲೆ ಆಯಿತು.

ಮೂರು ಜನಾನೂ ಒಟ್ಟಿಗೆ, ಮದ್ದು? ಮದ್ದೇನಜ್ಜಿ? ಬೇರೋ? ತೊಗಟೆನೋ? ಎಲ್ಲಿ ಸಿಗುತ್ತೆ? ಅರೆಯೋದಾ? ಕುದಿಸೋದಾ? ಎಷ್ಟು ದೂರ ಆದರೂ ಹೋಗ್ತೀವಿ ಅಂತ ಮುಗಿಬಿದ್ದರು.

ಮುದುಕಿ ಎರಡೂ ಕಿವಿ ಮುಚ್ಚಿಕೊಂಡು, ಹಲ್ಲಿಲ್ಲದ ಬಾಯಲ್ಲಿ ಎಳೆದು ಎಳೆದು ಹೇಳಿದಳಂತೆ. ಸುಮ್ನೀರು. ಅದೇ ಮದ್ದು. ಸುಮ್ನೀರು ಒಂದಿದ್ರೆ ಉಳೀತದೆ, ಅದಿಲ್ಲ ಅಂದ್ರೆ ಇಲ್ಲ.

ಈಗ ನೀವೇ ಹೇಳಿ. ಹುಟ್ಟಿದಾಗಿಂದ ನೀರು ಹೊತ್ತ ಮಕ್ಕಳು. ತಣ್ಣೀರು ಗೊತ್ತು, ಬಿಸ್ನೀರು ಗೊತ್ತು, ಉಪ್ಪುನೀರು, ಸೀನೀರು, ಮಳೆನೀರು ಎಲ್ಲ ನಾಲಿಗೆ ತುದೀಲಿ ಇಟ್ಟು ಹೇಳೋರು. ಅವರ ಕಿವೀಗೆ ಇದೂ ಒಂದು ನೀರೇ ಆಗಿ ಕೇಳಿಸಿತು. ಅವ್ವ ದಿನಾ ಅನ್ನೋ ಮಾತು ಇದು ಅಂತ ಹೊಳೀಲೇ ಇಲ್ಲ, ಯಾಕೆಂದರೆ ಅದನ್ನ ಅವರು ಒಂದು ದಿನಾನೂ ಕೇಳಿಸಿಕೊಂಡಿರಲಿಲ್ಲವಲ್ಲ.

ಸುಮ್ನೀರಂತೆ ಕಣ್ರೋ! ಅಂದ ಓಬ. ನಾನು ಬಡಗಣ ದಿಕ್ಕಿಗೆ. ನಾನು ಮೂಡಣಕ್ಕೆ ಅಂದ ಪಾಲ. ನಾನು ಕಿರಿಯೋನು, ಇಳಿಜಾರಿರೋ ಕಡೆ ಹೋಗ್ತೀನಿ. ಒಂದೊಂದು ಕೊಡ ಕಂಕುಳಲ್ಲಿ ಇಟ್ಟುಕೊಂಡು ಮೂರು ಜನಾನೂ ಧೂಳೆಬ್ಬಿಸಿಕೊಂಡು ಹೊರಟೇಬಿಟ್ಟರು.

ಬೋರವ್ವನಿಗೆ ಮಾತ್ರ ಮುದುಕಿ ಹೇಳಿದ್ದು ಸರಿಯಾಗೇ ಅರ್ಥ ಆಗಿತ್ತು. ಲೇ ಮಕ್ಕಳಾ, ಅದು ನೀರಲ್ಲ ಕಣ್ರೋ ಬನ್ರೋ ಅಂತ ಕೂಗೋಣ ಅಂತ ಬಾಯಿ ತೆಗೆದಳಂತೆ. ತೆಗೆದೋಳು ಹಾಗೇ ನಿಂತಳು. ಹುಡುಗರ ಸದ್ದು ಗುಡ್ಡ ಇಳಿದು ಸಣ್ಣದಾಗ್ತಾ ಆಗ್ತಾ ಇಲ್ಲವಾಯಿತು. ಹೊಂಗೆ ಎಲೆ ಅಲ್ಲಾಡೋದು ಕೇಳಿಸಿತು. ಈ ಮರ ಇಷ್ಟು ವರ್ಷದಿಂದ ಸದ್ದು ಮಾಡ್ತಾ ಇತ್ತು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಬಾಯಿ ಮುಚ್ಚಿದಳು.

ಮುದುಕಿ ಅವಳ ಮುಖ ನೋಡಿ ಒಂದು ನಗೆ ನಕ್ಕು, ನೀರು ಕುಡಿದು ಗಂಟು ಹೊತ್ತುಕೊಂಡು ತನ್ನ ದಾರಿ ಹಿಡಿದಳು.

ಮನೇಲೇನೋ ಸುಮ್ನೀರು ಸಿಕ್ಕಿತು, ದಾರೀಲಿ? ಅದು ಹೆದ್ದಾರಿ. ಬೋರವ್ವ ಬುಟ್ಟಿ ಪಕ್ಕ ಕೂತಿದ್ದಳು. ಒಬ್ಬ ಗಾಡಿಯವನು ಎತ್ತಿನ ಗೆಜ್ಜೆ ಝಲ್ ಝಲ್ ಅನ್ನಿಸಿಕೊಂಡು ಬಂದು, ಯವ್ವಾ ನೀರು ಅಂತ ಅರಚಿದ. ಇವಳು ಏಳಲಿಲ್ಲ. ಬೆರಳು ತುಟಿ ಮೇಲಿಟ್ಟು ಬುಟ್ಟಿ ತೋರಿಸಿದಳು. ಅವನು ಕೌದಿ ಅಂಚು ಎತ್ತಿ ಇಣುಕಿ, ಅಯ್ಯೋ ಅಂತ ಬಾಯಿ ಮುಚ್ಚಿಕೊಂಡು, ತಾನೇ ಸೌಟು ತಗೊಂಡು ನೀರು ಕುಡಿದು, ಎತ್ತಿಗೂ ಕುಡಿಸಿ, ಹೋಗೋವಾಗ ಎತ್ತಿನ ಕೊರಳ ಗೆಜ್ಜೆ ಬಿಚ್ಚಿ ಮಡಿಲಲ್ಲಿ ಕಟ್ಟಿಕೊಂಡು ಹೋದನಂತೆ. ಬೋರವ್ವ ಬೆರಗಾಗಿ ನೋಡಿದಳು. ಸೌಟಿಗೆ ಇವಳ ಕೈ ಬೇಕೇ ಬೇಕು ಅಂತೇನೂ ಇರಲಿಲ್ಲ. ಆಮೇಲೆ ಬಂದ ಬಳೆಗಾರ್ತಿ ಬಳೆ ಮಲಾರಕ್ಕೆ, ಅದೇ ಬಳೆ ಗೊಂಚಲಿಗೆ, ಬಟ್ಟೆ ಸುತ್ತಿಕೊಂಡು ತುದಿಗಾಲಲ್ಲಿ ಹೋದಳು. ಆಮೇಲೆ ಒಂದು ಮದುವೆ ದಿಬ್ಬಣಾನೇ ಬಂತು, ಡೋಲು ವಾಲಗ ಎಲ್ಲ ಇದ್ದದ್ದು. ಗಾಡಿಯವನು ದಾರೀಲೇ ಸುದ್ದಿ ಹೇಳಿದ್ದನೋ ಏನೋ, ಡೋಲಿನೋರು ಡೋಲನ್ನ ಮಗು ಥರ ತಬ್ಬಿಕೊಂಡು, ವಾಲಗದೋರು ವಾಲಗ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಗರು ಬೀಗರ ಹತ್ತಿರ ಬರೀ ಕಣ್ಣಲ್ಲೇ ಜಗಳ ಆಡ್ತಾ ದಾಟಿದರಂತೆ. ಮದುವೆಗೆ ಅಂತ ಎಷ್ಟೋ ದಿನದಿಂದ ನಿದ್ದೆಗೆಟ್ಟ ಮದುಮಗಳು ಗಾಡೀಲಿ ಗೊರಕೆ ಹೊಡೀತಿದ್ದಳು, ಅದೊಂದೇ ಸದ್ದು.

ದಿಬ್ಬಣ ಹೋದ ಮೇಲೆ ಬೋರವ್ವ ಕೌದಿ ಅಂಚು ಎತ್ತಿ ನೋಡಿದಳು. ಗೊರವಕ್ಕ ರೋಮ ಉಬ್ಬಿಸಿಕೊಂಡು ಚೆಂಡಿನ ಥರ ಕೂತಿತ್ತು. ಸತ್ತಿರಲಿಲ್ಲ, ಬದುಕಿದೆ ಅಂತಾನೂ ಹೇಳೋ ಹಾಗಿರಲಿಲ್ಲ. ಮರಳು ಆರಿತ್ತು, ಮತ್ತೆ ಕಾಯಿಸಿ ಇಟ್ಟಳು. ಚಿಕ್ಕ ಬಟ್ಟಲಲ್ಲಿ ನೀರು, ಪಕ್ಕದಲ್ಲಿ ಒಂದು ಚೂರು ಬಾಳೆಹಣ್ಣು ಇಟ್ಟಳು, ಬಾಯಿಗೆ ಹಿಡಿಯಲಿಲ್ಲ. ಜೀವನಪೂರ್ತಿ ಕರೆದು ಕರೆದು ಕುಡಿಸಿದ ಕೈ ಅದು, ಬಟ್ಟಲು ಇಟ್ಟು ಹಿಂದಕ್ಕೆ ಬರೋಕೆ ಆ ಕೈಗೆ ಬಹಳ ಕಷ್ಟ ಆಯಿತಂತೆ. ಬಾರವ್ವಾ ನೀರು ಕುಡಿ ಅಂತ ಒಂದು ಸಲ ಅನ್ನಲೇ ಅನ್ನಿಸಿತು. ಅನ್ನಲಿಲ್ಲ. ಚಪ್ಪರದ ಕಂಬಕ್ಕೆ ಬೆನ್ನು ಕೊಟ್ಟಳು. ಕಂಬಕ್ಕೆ ಬೆನ್ನು ಕೊಟ್ಟು ಎಷ್ಟು ವರ್ಷ ಆಗಿತ್ತೋ, ಬೆನ್ನಿಗೇ ಮರೆತುಹೋಗಿತ್ತು. ಮೊದಲು ಹೆಗಲು ಇಳೀತು, ಆಮೇಲೆ ಕೈ ಇಳೀತು, ಆಮೇಲೆ ರೆಪ್ಪೆ ಇಳೀತು. ಹಗಲು ಹೊತ್ತಲ್ಲಿ, ದಾರಿ ಪಕ್ಕದಲ್ಲಿ, ಬೋರವ್ವ ನಿದ್ದೆ ಹೋದಳಂತೆ.

ಹೂಂ ಅನ್ನಿ.

ಎದ್ದು ನೋಡಿದಾಗ ಬಟ್ಟಲ ನೀರು ಕೊಂಚ ಇಳಿದಿತ್ತು. ಬಾಳೆಹಣ್ಣಲ್ಲಿ ಒಂದು ಕೊಕ್ಕಿನ ಗುರುತಿತ್ತು. ಬೋರವ್ವ ಆ ಗುರುತನ್ನ, ಮಗುವಿಗೆ ಬಂದ ಮೊದಲ ಹಲ್ಲು ನೋಡ್ತಾರಲ್ಲ, ಹಾಗೆ ನೋಡಿದಳು. ಮತ್ತೆ ಕೌದಿ ಮುಚ್ಚಿದಳು. ಹೀಗೇ ಎಷ್ಟೋ ದಿನ, ಎಣಿಸಿದೋರು ಯಾರು, ಇವಳು ಮರಳು ಕಾಯಿಸೋದು, ಬಟ್ಟಲು ಇಡೋದು, ಬೆನ್ನು ಕೊಡೋದು. ನೀರು ಮುಗಿದರೆ ದಾರಿಹೋಕರೇ ಗುಡ್ಡದಾಚೆ ಬಾವಿಯಿಂದ ತಂದು ತುಂಬಿಟ್ಟು ಹೋಗೋರು. ಒಂದೊಂದು ಸಲ ಮಕ್ಕಳು ಎಲ್ಲಿ ಅಲೀತಿದ್ದಾರೋ, ಹೊಟ್ಟೆಗೆ ಏನು ತಿಂದರೋ ಅಂತ ದಾರಿ ನೋಡೋಳು. ಬಂದುಬಿಡ್ಲಪ್ಪ ಅನ್ನಿಸೋದು. ಇವತ್ತೊಂದು ದಿನ ಬೇಡ, ನಾಳೆ ಬರಲಿ ಅಂತಾನೂ ಅನ್ನಿಸೋದು. ಗೊರವಕ್ಕನ ಜೋತ ರೆಕ್ಕೆ ದಿನಾ ಒಂದು ಎಳೆಯಷ್ಟು ಮೇಲೆ ಬರ್ತಿತ್ತು. ಆದರೆ ದನಿ? ದನಿ ಮಾತ್ರ ಬರಲಿಲ್ಲ. ಕೊಕ್ಕು ತೆಗೆಯೋದು, ಮುಚ್ಚೋದು. ನನ್ನ ಗಂಟಲು ಹೋಯಿತು, ಈಗ ನಿನ್ನದೂ ಹೋಯಿತೇನೇ, ಬದುಕಿಕೋ ಸಾಕು ಬಿಡು ಅಂತ ಬೋರವ್ವ ಅಂದುಕೊಂಡಳಂತೆ.

ಆಮೇಲೆ ಒಂದು ಸಂಜೆ ಮೂರೂ ದಿಕ್ಕಿನ ಧೂಳು ಒಟ್ಟಿಗೆ ಎದ್ದಿತು.

ಓಬ ಬಂದ, ಕಾಲೆಲ್ಲ ಬೊಬ್ಬೆ. ಅವ್ವಾ, ಗವಿಯೊಳಗೆ ಒಬ್ಬ ಸಾಧು ತಪಸ್ಸಿಗೆ ಕೂತಿದ್ದ, ಸುಮ್ನೀರು ಇದೆಯಾ ಸ್ವಾಮಿ ಅಂದೆ. ಕಣ್ಣು ಬಿಟ್ಟು ಸುಮ್ನಿರು ಅಂದ! ಇದೆ ಅಂತ ತಾನೇ ಅರ್ಥ? ಅವನ ಹಿಂದೆ ತೊಟ್ಟಿಕ್ತಿದ್ದ ನೀರನ್ನ ತುಂಬಿಕೊಂಡು ಬಂದೆ.

ಪಾಲ ಬಂದ, ಕೊಡ ಘಮ್ ಅಂತಿತ್ತು. ಅದು ಬರೀ ಗವಿನೀರು ಕಣೋ. ನಾನು ಅರಮನೆಗೇ ಹೋಗಿದ್ದೆ, ಸಂಗೀತ ನಡೀತಿತ್ತು, ಬಾಗಿಲಲ್ಲಿ ಸುಮ್ನೀರು ಎಲ್ಲಿ ಅಂದೆ. ಅರಮನೆಗೆ ಅರಮನೇನೇ ತಿರುಗಿ ಸುಮ್ನಿರು ಅಂತು! ಎಲ್ಲರಿಗೂ ಗೊತ್ತು ಕಣವ್ವ. ಅಲ್ಲಿದ್ದ ಪನ್ನೀರನ್ನೇ ಎತ್ತಿಕೊಂಡು ಬಂದೆ.

ಸೂರ ಬಂದ, ಅಳ್ತಾ ಬಂದ. ಕೊಡ ಖಾಲಿ. ಅವ್ವಾ, ನಾನು ಊರೂರು ಕೇಳಿದೆ. ಕೇಳಿದೋರೆಲ್ಲ ಹೆಸರು ಹೇಳ್ತಾರೆ, ಎಲ್ಲಿದೆ ಅಂತ ಒಬ್ಬರೂ ಹೇಳಲ್ಲ. ಇನ್ನೊಂದು ಸಲ ಕೇಳಿದರೆ ಹೊಡೆಯೋಕೆ ಬರ್ತಾರೆ. ಮುಚ್ಚಿಡ್ತಾರೆ ಕಣವ್ವ, ಎಲ್ಲರೂ ಬಚ್ಚಿಟ್ಟಿದ್ದಾರೆ.

ನಿನಗೆ ಕೇಳೋಕೆ ಬರಲ್ಲ ಅಂದ ಓಬ. ನಿನಗೆ ತುಂಬೋಕೆ ಬರಲ್ಲ ಅಂದ ಪಾಲ. ನನ್ನ ನೀರು ಮೊದಲು. ನಿನ್ನ ನೀರು ಕಾಲು ತೊಳೆಯೋಕೆ. ಮೂರು ಜನಾನೂ ಬುಟ್ಟಿ ಸುತ್ತ ನೂಕಾಡ್ತಾ, ಕೊಡ ಕೊಡಕ್ಕೆ ತಾಗಿ ಠಣ್ ಠಣ್ ಅಂತಾ, ಓಬ ಕೌದಿ ಕಿತ್ತೇಬಿಟ್ಟ, ಪಾಲ ಕೊಡ ಬಗ್ಗಿಸೇಬಿಟ್ಟ. ಬೋರವ್ವ ನಡುವೆ ನುಗ್ಗಿ ಎರಡೂ ಕೈ ಅಡ್ಡ ಹಿಡಿದು ಕೂಗಿದಳು. ದನಿ ಬರಲಿಲ್ಲ. ಬರೀ ಗಾಳಿ ಬಂತು. ಮೊದಲ ಹನಿ ಕೊಡದ ಬಾಯಿಗೆ ಬಂದು ನಿಂತಿತ್ತು.

ಆಗ ಬುಟ್ಟಿಯೊಳಗಿಂದ, ಬೋರವ್ವನ ಹಳೇ ದನೀಲಿ, ಗುಡ್ಡಕ್ಕೆ ಹೋಗಿ ಬಡಿದು ವಾಪಸು ಬರೋ ಹಾಗೆ,

ಸುಮ್ನಿರ್ರೋ!

ಮೂರು ಜನಾನೂ ಕಲ್ಲಾದರು. ಗುಡ್ಡ ಇನ್ನೊಂದು ಸಲ ಸುಮ್ನಿರ್ರೋ ಅಂತು. ಗೊರವಕ್ಕ ಬುಟ್ಟಿ ಅಂಚಿಗೆ ಹತ್ತಿ ನಿಂತು, ಒಬ್ಬೊಬ್ಬರ ಮುಖಾನೂ ಹಳದಿ ಕಣ್ಣಂಚಲ್ಲಿ ನೋಡಿತು. ಅಷ್ಟು ವರ್ಷ ಅವ್ವ ಹೇಳಿ ಹೇಳಿ ಗಾಳಿಗೆ ಹೋದ ಮಾತನ್ನ ಆ ಮನೇಲಿ ಒಂದು ಜೀವ ಕೇಳಿಸಿಕೊಂಡಿತ್ತು ನೋಡಿ.

ಆಮೇಲೆ ಓಬ ಮೆತ್ತಗೆ, ಅವ್ವಾ, ಅದು ನೀರಲ್ವಾ? ಅಂದನಂತೆ.

ಬೋರವ್ವ ನಕ್ಕಳೋ ಅತ್ತಳೋ ಗೊತ್ತಿಲ್ಲ, ದನಿ ಇರಲಿಲ್ಲವಲ್ಲ. ಮೂರು ಜನರ ತಲೆ ಮೇಲೂ ಕೈ ಆಡಿಸಿದಳು. ಪಾಲ ಪನ್ನೀರಲ್ಲಿ ಅವಳ ಕಾಲು ತೊಳೆದ. ಓಬ ಗವಿನೀರಲ್ಲಿ ಒಲೆ ಮೇಲೆ ಅನ್ನಕ್ಕೆ ಎಸರಿಟ್ಟ. ಸೂರ ಖಾಲಿ ಕೊಡ ಬೋರಲು ಹಾಕಿ ಅವ್ವನಿಗೆ ಒರಗೋಕೆ ಕೊಟ್ಟ. ಅವತ್ತಿಂದ ನೀರು ತರೋದು ಅವರೇ, ಹುಯ್ಯೋದೂ ಅವರೇ, ಸರದಿ ಜಗಳ ಬಂದರೆ ಬೆರಳಲ್ಲೇ ಆಡಿ ಮುಗಿಸೋರು. ಗೊರವಕ್ಕನ ರೆಕ್ಕೆ ಒಂಚೂರು ಸೊಟ್ಟ ಉಳೀತು, ದೂರ ಹಾರೋಕೆ ಆಗ್ತಿರಲಿಲ್ಲ, ಗಳದವರೆಗೆ ಹಾರೋಕೆ ಸಾಕಿತ್ತು. ಅಲ್ಲಿ ಕೂತು ದಾರಿಹೋಕರನ್ನ ಕರೆಯೋದು, ಬಾರಣ್ಣಾ ನೀರು ಕುಡಿ, ಸುಮ್ನಿರು. ಬಂದೋರು ನೀರು ಕುಡಿದು, ಮರದ ಕೆಳಗೆ ಒಂದು ಗಳಿಗೆ ಸುಮ್ಮನೆ ಕೂತು ಹೋಗೋರಂತೆ. ಕತೆ ಮುಗೀತು, ಕೌದಿ ಹೊದ್ದು ಮಲಗಿತು.

ಆದರೆ ಒಂದು ಮಾತು. ಅಜ್ಜಿ ಈ ಕತೇನ ಯಾವತ್ತೂ ಪೂರ್ತಿ ಹೇಳಿಲ್ಲ. ಬೋರವ್ವ ಕಂಬಕ್ಕೆ ಬೆನ್ನು ಕೊಟ್ಟು ರೆಪ್ಪೆ ಇಳಿಸೋ ಜಾಗ ಬಂತಲ್ಲ, ಅಲ್ಲಿಗೆ ಬರೋವಾಗ ಅಜ್ಜಿ ರೆಪ್ಪೇನೂ ಇಳಿದಿರುತ್ತೆ. ನಾನು ಹೂಂ ಅಂದರೂ ಇಲ್ಲ, ಹೂಂ ಹೂಂ ಅಂದರೂ ಇಲ್ಲ. ಹಾಗಾಗಿ ಹಕ್ಕಿ ನೀರು ಕುಡಿದಿದ್ದು, ಹುಡುಗರು ಬಂದಿದ್ದು, ಆ ಕೂಗು, ಎಲ್ಲ ನಾನೇ ಕಟ್ಟಿದ್ದು. ನಿಜವಾಗಿ ಗೊರವಕ್ಕ ಬದುಕಿತೋ ಇಲ್ಲವೋ ನನಗೂ ಗೊತ್ತಿಲ್ಲ. ಎಬ್ಬಿಸಿ ಕೇಳಬಹುದಿತ್ತು. ಆದರೆ ಬೆಳಗ್ಗೆಯಿಂದ ಅಜ್ಜೀನ ಎಷ್ಟು ಜನ ಎಷ್ಟು ಸಲ ಕರೆದಿರ್ತಾರೆ ಗೊತ್ತಾ, ಅದರಲ್ಲಿ ಅರ್ಧ ನಾನೇ. ಈಗ ನೋಡಿ, ಬಾಯಿ ತೆರೆದು ಮಲಗಿದ್ದಾಳೆ.

ಸುಮ್ನಿರಿ.